ಹೀಲರ್‌ಗೆ ಯಾವ ಆರ್ಮರ್? ಮೊದಲು ಸತ್ತದ್ದು ಯಾರು ಅಂತ ನೋಡಿ

ರಾತ್ರಿ ಊಟ ಮುಗಿಸಿ ಹೆಡ್‌ಸೆಟ್ ಏರಿಸಿಕೊಂಡು ಆನ್‌ಲೈನ್ ಆಟಕ್ಕೆ ಕೂತ ಐದು ಜನರ ಪಾರ್ಟಿಯಲ್ಲಿ ಹೆಚ್ಚು ಬೈಸಿಕೊಳ್ಳುವವನು ಹೀಲರ್, ಅಂದರೆ ಉಳಿದವರ ಗಾಯ ವಾಸಿ ಮಾಡುವವನು. ಮುಂದೆ ನಿಂತು ಪೆಟ್ಟು ತಿನ್ನುವ ಟ್ಯಾಂಕ್ ಸತ್ತರೂ ಅವನದೇ ತಪ್ಪು, ಶತ್ರುವನ್ನು ಹೊಡೆಯುವ ಡಿಪಿಎಸ್ ಬೆಂಕಿಯಲ್ಲಿ ನಿಂತುಕೊಂಡು ಸತ್ತರೂ ಅವನದೇ ತಪ್ಪು. ಬೈಗುಳ ತಾಳಲಾರದೆ ಅವನು ಆಟದೊಳಗಿನ ಮಾರುಕಟ್ಟೆಯಾದ ಆಕ್ಷನ್ ಹೌಸ್‌ಗೆ ಓಡುತ್ತಾನೆ, ಇದ್ದಬದ್ದ ಗೋಲ್ಡ್ ಸುರಿದು ದೊಡ್ಡ ನಂಬರಿನ ಆರ್ಮರ್ ಕೊಂಡು ತರುತ್ತಾನೆ. ಮರುದಿನವೂ ಬೈಗುಳ ತಪ್ಪುವುದಿಲ್ಲ.

ದಾವಣಗೆರೆಯಲ್ಲಿ ನಮ್ಮದೊಂದು ಗುಂಪಿದೆ. ವಿದ್ಯಾನಗರದ ಪಿಜಿಗಳಲ್ಲಿರುವ ಇಂಜಿನಿಯರಿಂಗ್ ಹುಡುಗರು, ಪಿ.ಜೆ. ಬಡಾವಣೆಯಲ್ಲಿ ಮೆಡಿಕಲ್ ಶಾಪ್ ನಡೆಸುವ ಒಬ್ಬರು ಅಕ್ಕ, ಹರಿಹರದವನೊಬ್ಬ, ಚಿತ್ರದುರ್ಗದ ಇಬ್ಬರು. ಹೊಸದಾಗಿ ಸೇರಿದವರು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಅಣ್ಣಾ, ಪ್ರೀಸ್ಟ್ ಮಾಡೀನಿ, ಯಾವ ಆರ್ಮರ್ ತಗಳ್ಲಿ?" (ಪ್ರೀಸ್ಟ್ ಅಂದರೆ ಹೀಲ್ ಮಾಡಬಲ್ಲ ಒಂದು ಬಗೆಯ ಪಾತ್ರ, ಆಟದ ಮಾತಲ್ಲಿ ಕ್ಲಾಸ್.) ನಾನು ತಿರುಗಿ ಕೇಳುವುದೂ ಒಂದೇ: "ಮೊದ್ಲು ಸತ್ತಿದ್ದು ಯಾರಪ್ಪ?"

ಈ ಲೇಖನ ಪೂರ್ತಿ ಆ ಪ್ರಶ್ನೆಯ ಮೇಲೆ ನಿಂತಿದೆ. ಲೆಕ್ಕ ಬಂದಲ್ಲೆಲ್ಲ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ ಮೂಲ ಕ್ಲಾಸಿಕ್ ಆವೃತ್ತಿಯನ್ನೇ ಹಿಡಿದಿದ್ದೇನೆ, ಯಾಕೆಂದರೆ ಅದರ ಸೂತ್ರಗಳು ಬಿಚ್ಚಿಟ್ಟಂತಿವೆ. ಬೇರೆ ಆಟ ಆಡುವವರಿಗೂ ವಿಚಾರ ಮಾಡುವ ದಾರಿ ಇದೇ.

ಹೆಜ್ಜೆ 1: ಸಾವಿನ ಪಂಚನಾಮೆ

ಪಾರ್ಟಿ ಪೂರ್ತಿ ಮಲಗಿದ ಕೂಡಲೇ ಎದ್ದು ಓಡಬೇಡಿ. ಕಾಳಗದ ದಾಖಲೆಯಾದ ಕಾಂಬ್ಯಾಟ್ ಲಾಗ್ ತೆರೆಯಿರಿ. ನೋಡಬೇಕಾದದ್ದು ಮೂರು: ಮೊದಲು ಬಿದ್ದವರು ಯಾರು, ಆ ಹೊತ್ತಿಗೆ ನಿಮ್ಮ ಮಾನಾ (ಮಂತ್ರ ಹಾಕಲು ಖರ್ಚಾಗುವ ಶಕ್ತಿ) ಎಷ್ಟಿತ್ತು, ನೀವು ಆಗ ಏನು ಕಾಸ್ಟ್ ಮಾಡುತ್ತಿದ್ದಿರಿ, ಅಂದರೆ ಯಾವ ಮಂತ್ರ ಹಾಕುತ್ತಿದ್ದಿರಿ.

ನೀವೇ ಮೊದಲು ಬಿದ್ದಿದ್ದರೆ ಅದು ಒಂದು ಕಾಯಿಲೆ. ನೀವು ನಿಂತೇ ಇದ್ದು, ಮಾನಾ ಸೊನ್ನೆಗೆ ಬಂದು, ಆಮೇಲೆ ಟ್ಯಾಂಕ್ ಬಿದ್ದಿದ್ದರೆ ಇನ್ನೊಂದು. ಮಾನಾ ಅರ್ಧಕ್ಕಿಂತ ಹೆಚ್ಚಿದ್ದೂ, ನೀವು ಬಿಡದೆ ಕಾಸ್ಟ್ ಮಾಡುತ್ತಿದ್ದೂ ಟ್ಯಾಂಕ್ ಬಿದ್ದಿದ್ದರೆ ಮೂರನೆಯದು: ನಿಮ್ಮ ಹೀಲ್ ಸಣ್ಣದು. ಈ ಮೂರಕ್ಕೂ ಔಷಧಿ ಬೇರೆ ಬೇರೆ. ಮೊದಲನೆಯದಕ್ಕೆ ಆರೋಗ್ಯ ಹೆಚ್ಚಿಸುವ ಸ್ಟ್ಯಾಮಿನಾ, ಎರಡನೆಯದಕ್ಕೆ ಮಾನಾ ತುಂಬುವ ಸ್ಟ್ಯಾಟ್ (ಆರ್ಮರ್ ಮೇಲೆ ಬರೆದಿರುವ ಗುಣದ ಅಂಕಿ), ಮೂರನೆಯದಕ್ಕೆ ಹೀಲಿಂಗ್ ಹೆಚ್ಚಿಸುವ ಸ್ಟ್ಯಾಟ್. ಎಲ್ಲ ಸ್ವಲ್ಪ ಸ್ವಲ್ಪ ಇರುವ ಆರ್ಮರ್ ಹುಡುಕಿದರೆ ಯಾವ ಕಾಯಿಲೆಯೂ ವಾಸಿಯಾಗುವುದಿಲ್ಲ.

ನಾಲ್ಕನೆಯ ಸಂದರ್ಭವೂ ಒಂದಿದೆ. ನಿಮ್ಮ ಮಾನಾ ಇತ್ತು, ನೀವು ಸುಮ್ಮನೆ ನಿಂತಿದ್ದಿರಿ. ಅದಕ್ಕೆ ಯಾವ ಅಂಗಡಿಯಲ್ಲೂ ಆರ್ಮರ್ ಸಿಗುವುದಿಲ್ಲ.

ಹೆಜ್ಜೆ 2: ಬಟ್ಟೆಯನ್ನು ಹೀಗಳೆಯಬೇಡಿ

ವಾರ್‌ಕ್ರಾಫ್ಟ್‌ನಲ್ಲಿ ಆರ್ಮರ್ ನಾಲ್ಕು ಬಗೆ: ಬಟ್ಟೆ, ಚರ್ಮ, ಮೇಲ್ (ಲೋಹದ ಸರಪಳಿ), ಪ್ಲೇಟ್ (ಲೋಹದ ತಗಡು). ಹೀಲ್ ಮಾಡಬಲ್ಲ ಕ್ಲಾಸ್‌ಗಳಲ್ಲಿ ಪ್ರೀಸ್ಟ್‌ಗೆ ಬಟ್ಟೆ ಮಾತ್ರ. ಡ್ರೂಯಿಡ್‌ಗೆ ಚರ್ಮದವರೆಗೆ. ಕ್ಲಾಸಿಕ್‌ನಲ್ಲಿ ಶಾಮನ್‌ಗೆ 40ನೇ ಲೆವೆಲ್‌ನಿಂದ ಮೇಲ್, ಪಲಾಡಿನ್‌ಗೆ 40ರಿಂದ ಪ್ಲೇಟ್. ಹೊಸಬರ ಕಣ್ಣು ನೇರ ಹೋಗುವುದು ಆರ್ಮರ್ ಸಂಖ್ಯೆಯ ಮೇಲೆ. ಪಲಾಡಿನ್ ಆದವನು ಪ್ಲೇಟ್ ಬಿಟ್ಟು ಬಟ್ಟೆ ಹಾಕಿಕೊಂಡರೆ ಮರ್ಯಾದೆ ಹೋದ ಹಾಗೆ ನೋಡುತ್ತಾರೆ.

ಆ ಸಂಖ್ಯೆ ಏನು ಮಾಡುತ್ತದೆ ಅಂತ ಲೆಕ್ಕ ಹಾಕೋಣ. ಎದುರಾಳಿ 60ನೇ ಲೆವೆಲ್‌ನವನಾದರೆ, ನಿಮ್ಮ ಆರ್ಮರನ್ನು ಆರ್ಮರ್ ಕೂಡಿಸು 5500ರಿಂದ ಭಾಗಿಸಬೇಕು. 1000 ಆರ್ಮರ್ ಇದ್ದರೆ ಬೀಳುವ ಪೆಟ್ಟಿನಲ್ಲಿ ಸುಮಾರು 15% ಕಡಿಮೆ. 4000 ಇದ್ದರೆ ಸುಮಾರು 42%. ಚೆನ್ನಾಗೇ ಇದೆಯಲ್ಲ ಅನ್ನಬಹುದು. ಆದರೆ ಇದು ಕತ್ತಿ, ಕೊಡಲಿ, ಉಗುರಿನ ಪೆಟ್ಟಿಗೆ ಮಾತ್ರ. ಬೆಂಕಿ, ಹಿಮ, ನೆರಳಿನ ಮಾಯೆ ಇವುಗಳ ಮುಂದೆ ಪ್ಲೇಟೂ ಒಂದೇ, ಪಂಚೆಯೂ ಒಂದೇ. ದೊಡ್ಡ ಗುಂಪಿನ ಕಾಳಗವಾದ ರೈಡ್‌ನಲ್ಲಿ ಹಿಂದೆ ನಿಂತ ಹೀಲರ್ ಮೇಲೆ ಬೀಳುವುದು ಬಹುಪಾಲು ಮಾಯೆಯ ಪೆಟ್ಟು. ಅದಕ್ಕೇ ಮೂಲ ಕ್ಲಾಸಿಕ್‌ನಲ್ಲಿ ಪಳಗಿದ ಪಲಾಡಿನ್‌ಗಳು, ಶಾಮನ್‌ಗಳು ಹೀಲಿಂಗ್ ಸ್ಟ್ಯಾಟ್ ಚೆನ್ನಾಗಿರುವ ಬಟ್ಟೆಯನ್ನು ಮುಜುಗರವಿಲ್ಲದೆ ಹಾಕುತ್ತಾರೆ. ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರಿನವರಿಗೆ ಬಟ್ಟೆಯ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಇಲ್ಲೊಂದು ಎಚ್ಚರಿಕೆ. ಹಳೆಯ ವಿಡಿಯೊ ನೋಡಿ ಹೊಸ ಆವೃತ್ತಿಗೆ ಆರ್ಮರ್ ಕೊಳ್ಳಬೇಡಿ. 2010ರ ಕ್ಯಾಟಕ್ಲಿಸಮ್‌ನಲ್ಲಿ ಒಂದು ನಿಯಮ ಬಂತು: ತನ್ನ ಕ್ಲಾಸಿಗೆ ಹೇಳಿದ ಬಗೆಯ ಆರ್ಮರನ್ನೇ ಎಲ್ಲ ಜಾಗಕ್ಕೂ ಹಾಕಿದರೆ ಮುಖ್ಯ ಸ್ಟ್ಯಾಟ್‌ಗೆ 5% ಹೆಚ್ಚುವರಿ. ಅಲ್ಲಿ ಬಟ್ಟೆ ತೊಟ್ಟ ಪಲಾಡಿನ್ ಆ 5% ಕಳೆದುಕೊಳ್ಳುತ್ತಾನೆ. ಹಾಗೆಯೇ ಸ್ಪಿರಿಟ್ ಎಂಬ ಸ್ಟ್ಯಾಟೇ 2016ರ ಲೀಜನ್ ಹೊತ್ತಿಗೆ ಆಟದಿಂದ ಹೋಯಿತು. ನೀವು ಆಡುತ್ತಿರುವುದು ಯಾವ ಆವೃತ್ತಿ ಅನ್ನುವುದನ್ನು ಮೊದಲು ಖಚಿತ ಮಾಡಿಕೊಂಡು ಮುಂದೆ ಓದಿ.

ಹೆಜ್ಜೆ 3: ಮಾನಾ ಕೊನೆವರೆಗೆ ಬರಬೇಕು

ನಮ್ಮ ಗುಂಪಿನಲ್ಲಿ ಹೆಚ್ಚಿನ ಸೋಲುಗಳಿಗೆ ಕಾರಣ ಮಾನಾ. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಮದುವೆ ಪಂಕ್ತಿಯಲ್ಲಿ ಅನ್ನ ಬಡಿಸುವವನು ಮೊದಲ ಸಾಲಿಗೇ ಪಾತ್ರೆ ಖಾಲಿ ಮಾಡಿದರೆ ಕೊನೆಯ ಎಲೆಯವರು ಏನು ಮಾಡಬೇಕು? ಹೀಲರ್‌ನ ಮಾನಾ ಕಥೆ ಇಷ್ಟೇ.

ಕ್ಲಾಸಿಕ್‌ನಲ್ಲಿ ಮಾನಾ ಹೆಚ್ಚಿಸುವ ದಾರಿ ಮೂರು. ಇಂಟಲೆಕ್ಟ್ ಪಾತ್ರೆಯನ್ನೇ ದೊಡ್ಡದು ಮಾಡುತ್ತದೆ. ಒಂದು ಇಂಟಲೆಕ್ಟ್‌ಗೆ 15 ಮಾನಾ. ಎಂಪಿ5 ಅಂದರೆ ಪ್ರತಿ 5 ಸೆಕೆಂಡಿಗೆ ಇಷ್ಟು ಮಾನಾ, ಕಾಸ್ಟ್ ಮಾಡುತ್ತಿದ್ದರೂ ಬರುತ್ತದೆ, ಸುಮ್ಮನಿದ್ದರೂ ಬರುತ್ತದೆ. ಸ್ಪಿರಿಟ್ ಮಾತ್ರ ಸ್ವಲ್ಪ ಹಟಮಾರಿ. ಮಾನಾ ಖರ್ಚಾಗುವ ಯಾವುದೇ ಮಂತ್ರ ಹಾಕಿದ ಮೇಲೆ 5 ಸೆಕೆಂಡು ಸ್ಪಿರಿಟ್‌ನಿಂದ ಬರುವ ಮಾನಾ ನಿಂತುಹೋಗುತ್ತದೆ. ಆಟಗಾರರು ಇದನ್ನು ಐದು ಸೆಕೆಂಡ್ ರೂಲ್ ಅನ್ನುತ್ತಾರೆ. ಪ್ರೀಸ್ಟ್‌ಗೆ ಮೆಡಿಟೇಶನ್ ಟ್ಯಾಲೆಂಟ್ (ಆಟಗಾರ ಆರಿಸಿಕೊಳ್ಳುವ ಹೆಚ್ಚುವರಿ ಗುಣ) ಪೂರ್ತಿ ಹಾಕಿದ್ದರೆ ಆ ಹೊತ್ತಿನಲ್ಲೂ 15% ಬರುತ್ತಿರುತ್ತದೆ.

ಎರಡು ನಿಲುವಂಗಿ ಇವೆ ಅಂದುಕೊಳ್ಳಿ. ಒಂದರಲ್ಲಿ 20 ಸ್ಪಿರಿಟ್, ಇನ್ನೊಂದರಲ್ಲಿ 6 ಎಂಪಿ5. ಉಳಿದದ್ದೆಲ್ಲ ಒಂದೇ. ಯಾವುದು ತಗೊಳ್ಳುತ್ತೀರಿ? 20 ದೊಡ್ಡದು, 6 ಚಿಕ್ಕದು ಅಂತ ಮೊದಲನೆಯದನ್ನು ಎತ್ತಿಕೊಳ್ಳುವವರೇ ಜಾಸ್ತಿ.

ಪ್ರೀಸ್ಟ್‌ಗೆ ಪ್ರತಿ 2 ಸೆಕೆಂಡಿಗೆ ಬರುವ ಮಾನಾ 13 ಕೂಡಿಸು ಸ್ಪಿರಿಟ್‌ನ ನಾಲ್ಕನೇ ಒಂದು ಭಾಗ. ಅಂದರೆ ಹೆಚ್ಚುವರಿ 20 ಸ್ಪಿರಿಟ್ ಪ್ರತಿ 2 ಸೆಕೆಂಡಿಗೆ 5 ಮಾನಾ ಕೊಡುತ್ತದೆ. 5 ಸೆಕೆಂಡಿಗೆ 12.5. ಇದು ನೀವು ಕೈಕಟ್ಟಿ ನಿಂತಾಗಿನ ಲೆಕ್ಕ. ಬಿಡದೆ ಕಾಸ್ಟ್ ಮಾಡುತ್ತಿದ್ದರೆ ಅದರ 15%, ಅಂದರೆ 5 ಸೆಕೆಂಡಿಗೆ 1.9ರ ಹತ್ತಿರ. ಎಂಪಿ5 ನಿಲುವಂಗಿ ಎರಡೂ ಹೊತ್ತಿನಲ್ಲಿ 6 ಕೊಡುತ್ತದೆ. ಎರಡೂ ಸಮ ಆಗುವುದು ಯಾವಾಗ ಅಂತ ಹಾಕಿ ನೋಡಿದರೆ, ಕಾಳಗದ ಸುಮಾರು 39% ಹೊತ್ತು ನೀವು ಐದು ಸೆಕೆಂಡ್ ರೂಲ್‌ನಿಂದ ಹೊರಗಿದ್ದಾಗ. ಅದಕ್ಕಿಂತ ಹೆಚ್ಚು ಹೊತ್ತು ಹೊರಗಿರುವವರಿಗೆ ಸ್ಪಿರಿಟ್, ಕಡಿಮೆ ಇರುವವರಿಗೆ ಎಂಪಿ5.

ಐದು ಜನರ ಡಂಜನ್‌ನಲ್ಲಿ ನೀವೊಬ್ಬರೇ ಹೀಲರ್; ಕೈ ಬಿಡುವೇ ಇರುವುದಿಲ್ಲ. 40 ಜನರ ರೈಡ್‌ನಲ್ಲಿ ನಾಲ್ಕಾರು ಪ್ರೀಸ್ಟ್‌ಗಳಿದ್ದರೆ ಸರದಿಯ ಮೇಲೆ ಬಿಡುವು ತಗೊಳ್ಳಬಹುದು, ಆಗ ಸ್ಪಿರಿಟ್‌ಗೆ ಬೆಲೆ. ಒಂದೇ ನಿಲುವಂಗಿ ಒಂದು ಕಡೆ ಚಿನ್ನ, ಇನ್ನೊಂದು ಕಡೆ ದಂಡ.

ಇಂಟಲೆಕ್ಟ್ ಮತ್ತು ಎಂಪಿ5 ನಡುವೆ ನಿರ್ಧರಿಸುವುದು ಕಾಳಗದ ಉದ್ದ. 5 ನಿಮಿಷದ ಬಾಸ್ ಕಾಳಗದಲ್ಲಿ 5 ಸೆಕೆಂಡಿನ ಕಂತು 60 ಬರುತ್ತವೆ. 6 ಎಂಪಿ5 ಅಂದರೆ 360 ಮಾನಾ, ಅಂದರೆ 24 ಇಂಟಲೆಕ್ಟ್‌ಗೆ ಸಮ. ಅದೇ 2 ನಿಮಿಷದಲ್ಲಿ ಮುಗಿಯುವ ಕಾಳಗವಾದರೆ 144 ಮಾನಾ, 10 ಇಂಟಲೆಕ್ಟ್ ಕೂಡ ಇಲ್ಲ. ನಿಮ್ಮ ಗುಂಪಿನ ಡಿಪಿಎಸ್ ಚುರುಕಾಗಿದ್ದರೆ ಇಂಟಲೆಕ್ಟ್ ನೋಡಿ. ಬಾಸ್ ಎದುರಿಗೆ ನಿಂತು ಫೋನ್ ನೋಡುವವರಾದರೆ ಎಂಪಿ5 ನೋಡಿ. ಪಾಪ, ಅವರನ್ನು ಬದಲಿಸುವುದಕ್ಕಿಂತ ನಿಲುವಂಗಿ ಬದಲಿಸುವುದು ಸುಲಭ. ಪಲಾಡಿನ್‌ಗೆ ಇನ್ನೊಂದು ಅನುಕೂಲ ಇದೆ: ಇಲ್ಯುಮಿನೇಶನ್ ಟ್ಯಾಲೆಂಟ್ ಪೂರ್ತಿ ಹಾಕಿದವನ ಹೀಲ್ ಕ್ರಿಟ್ ಆದರೆ (ಅದೃಷ್ಟದಿಂದ ಮಾಮೂಲಿಗಿಂತ ದೊಡ್ಡದಾದರೆ) ಖರ್ಚಾದ ಮಾನಾ ವಾಪಸ್ ಬರುತ್ತದೆ. ಹಾಗಾಗಿ ಅವನಿಗೆ ಇಂಟಲೆಕ್ಟ್, ಕ್ರಿಟ್ ಇರುವ ಬಟ್ಟೆ ಎರಡು ಪಟ್ಟು ಲಾಭ. ಸ್ಪಿರಿಟ್ ಅವನಿಗೆ ಬೇಡವೇ ಬೇಡ.

ಗೋಲ್ಡ್ ಸುರಿಯುವ ಮೊದಲು ಅಡುಗೆಮನೆ ಕಡೆ ನೋಡಿ. ನೈಟ್‌ಫಿನ್ ಸೂಪ್ ಕುಡಿದರೆ 10 ನಿಮಿಷ 8 ಎಂಪಿ5. ಮೇಲೆ ಹೇಳಿದ ನಿಲುವಂಗಿಗಿಂತ ಅದೇ ಜಾಸ್ತಿ! ಆಯುಧಕ್ಕೆ ಬ್ರಿಲಿಯಂಟ್ ಮಾನಾ ಆಯಿಲ್ ಸವರಿದರೆ 12 ಎಂಪಿ5, ಜೊತೆಗೆ 25 ಹೀಲಿಂಗ್. ಇವೆರಡೂ ಇಲ್ಲದೆ ರೈಡ್‌ಗೆ ಬಂದು "ನಿಲುವಂಗಿ ಸರಿ ಇಲ್ಲ" ಅನ್ನುವವರ ಮಾತಿಗೆ ನಾನು ಕಿವಿ ಕೊಡುವುದಿಲ್ಲ.

ಡಂಜನ್‌ನ ಸಣ್ಣಪುಟ್ಟ ಗುಂಪುಗಳ ನಡುವೆಯಂತೂ ನೀರು ಕುಡಿಯಿರಿ. ಮೇಜ್ ಎಂಬ ಮಂತ್ರವಾದಿ ಕ್ಲಾಸಿನವರು ಮಾಡಿಕೊಡುವ ಕ್ರಿಸ್ಟಲ್ ವಾಟರ್ 30 ಸೆಕೆಂಡಿನಲ್ಲಿ 4200 ಮಾನಾ ತುಂಬುತ್ತದೆ. ಆ ಬಿಡುವಿನಲ್ಲಿ ನೀವೂ ಎರಡು ಮುಷ್ಟಿ ಮಂಡಕ್ಕಿ, ಒಂದು ಮಿರ್ಚಿ ಮುಗಿಸಬಹುದು. ಎಣ್ಣೆಗೈ ಒರೆಸಿಕೊಂಡು ಕೀಬೋರ್ಡ್ ಮುಟ್ಟಿ.

ಹೆಜ್ಜೆ 4: ಹೀಲ್ ಸಣ್ಣದಾದರೆ

ಮಾನಾ ಇದ್ದೂ ಟ್ಯಾಂಕ್ ಬೀಳುತ್ತಿದ್ದರೆ ಪ್ಲಸ್ ಹೀಲಿಂಗ್ ಇರುವ ಆರ್ಮರ್ ಬೇಕು. ಆದರೆ ಬರೆದಿರುವಷ್ಟೂ ನಿಮಗೆ ಸಿಗುವುದಿಲ್ಲ. ಕಾಸ್ಟ್ ಮಾಡಲು ಎಷ್ಟು ಸೆಕೆಂಡು ಹಿಡಿಯುತ್ತದೋ ಅದನ್ನು 3.5ರಿಂದ ಭಾಗಿಸಿದಷ್ಟು ಪಾಲು ಮಾತ್ರ. ಒಂದೂವರೆ ಸೆಕೆಂಡಿನ ಫ್ಲ್ಯಾಶ್ ಹೀಲ್‌ಗೆ ಸುಮಾರು 43%, ಮೂರು ಸೆಕೆಂಡಿನ ಗ್ರೇಟರ್ ಹೀಲ್‌ಗೆ ಸುಮಾರು 86%. 50 ಪ್ಲಸ್ ಹೀಲಿಂಗ್ ಇರುವ ನಿಲುವಂಗಿ ಫ್ಲ್ಯಾಶ್ ಹೀಲ್‌ಗೆ 21 ಸೇರಿಸಿದರೆ ಗ್ರೇಟರ್ ಹೀಲ್‌ಗೆ 43 ಸೇರಿಸುತ್ತದೆ. ನೀವು ಹೆಚ್ಚಾಗಿ ಯಾವ ಹೀಲ್ ಒತ್ತುತ್ತೀರಿ ಅನ್ನುವುದರ ಮೇಲೆ ಆ ನಿಲುವಂಗಿಯ ಬೆಲೆ.

ಕ್ಲಾಸಿಕ್‌ನಲ್ಲಿ ಇದಕ್ಕೊಂದು ಸೊಗಸಾದ ಒಳದಾರಿ ಇದೆ. ಈ ಪಾಲು ಮಂತ್ರದ ಮೊದಲು ಕಲಿತ ಚಿಕ್ಕ ರೂಪಗಳಿಗೂ, ಅಂದರೆ ಕೆಳಗಿನ ರ‍್ಯಾಂಕ್‌ಗಳಿಗೂ ಹೆಚ್ಚುಕಡಿಮೆ ಅಷ್ಟೇ ಸಿಗುತ್ತದೆ. 20ನೇ ಲೆವೆಲ್‌ಗಿಂತ ಮೊದಲು ಕಲಿತ ರ‍್ಯಾಂಕ್‌ಗಳಿಗೆ ಮಾತ್ರ ಕಡಿತ. ಹಾಗಾಗಿ ಪ್ಲಸ್ ಹೀಲಿಂಗ್ ಒಟ್ಟಾದಂತೆ ಕಡಿಮೆ ಮಾನಾದ ಕೆಳಗಿನ ರ‍್ಯಾಂಕೇ ಟ್ಯಾಂಕ್‌ಗೆ ಸಾಕಾಗುತ್ತದೆ. ಹೀಲ್ ದೊಡ್ಡದಾಗಲಿ ಅಂತ ಕೊಂಡ ಆರ್ಮರ್ ಮಾನಾವನ್ನೂ ಉಳಿಸಿತು! ನನ್ನ ಕಣ್ಣಿಗೆ ಕ್ಲಾಸಿಕ್ ಹೀಲರ್ ಕೊಳ್ಳಬಹುದಾದ ಅತ್ಯುತ್ತಮ ಸ್ಟ್ಯಾಟ್ ಇದು. ಆದರೆ ಪರದೆಯ ಮೇಲಿನ ಮಂತ್ರದ ಬಾರ್‌ನಲ್ಲಿ ಎರಡು ಮೂರು ರ‍್ಯಾಂಕ್ ಇಟ್ಟುಕೊಂಡು ಆಡುವ ಅಭ್ಯಾಸ ಇರಬೇಕು. ಸದಾ ದೊಡ್ಡ ರ‍್ಯಾಂಕನ್ನೇ ಒತ್ತುವವನಿಗೆ ಈ ಲಾಭ ಇಲ್ಲ, ಅರ್ಧ ಹೀಲ್ ನೆಲಕ್ಕೆ ಚೆಲ್ಲುತ್ತದೆ.

ಹೆಜ್ಜೆ 5: ನೀವೇ ಮೊದಲು ಬೀಳುತ್ತಿದ್ದರೆ

ಕಾಳಗ ಶುರುವಾದ ಮೊದಲ ಕೆಲವು ಸೆಕೆಂಡಿನಲ್ಲೇ ರಾಕ್ಷಸರು ನಿಮ್ಮತ್ತ ಓಡಿ ಬರುತ್ತಾರೆಯೇ? ಅದು ಅಗ್ರೋ, ಅಂದರೆ ಶತ್ರುವಿನ ಸಿಟ್ಟು ಯಾರ ಮೇಲೆ ಅನ್ನುವ ವಿಷಯ. ವಾರ್‌ಕ್ರಾಫ್ಟ್‌ನಲ್ಲಿ ನೀವು ಮಾಡುವ ಹೀಲ್‌ನ ಅರ್ಧದಷ್ಟು ಅಗ್ರೋ ನಿಮಗೆ ಸೇರುತ್ತದೆ, ಇರುವ ಶತ್ರುಗಳಿಗೆಲ್ಲ ಹಂಚಿ. ಟ್ಯಾಂಕ್ ಇನ್ನೂ ಕೈ ಹಚ್ಚದ ಶತ್ರುವಿಗೆ ನೀವೇ ಮೊದಲ ಬಲಿ. ಟ್ಯಾಂಕ್ ಎರಡು ಪೆಟ್ಟು ಹಾಕುವವರೆಗೆ ಕೈ ತಡೆಯಿರಿ, ಪ್ರೀಸ್ಟ್ ಆಗಿದ್ದರೆ ಆ ಸಿಟ್ಟನ್ನು ಸ್ವಲ್ಪ ಹೊತ್ತು ಇಳಿಸುವ ಫೇಡ್ ಒತ್ತಿ. ಇದಕ್ಕೆ ಆರ್ಮರ್ ಕೊಳ್ಳುವುದು ಗೋಲ್ಡ್ ದಂಡ.

ಬಾಸ್‌ನ ಮಾಯೆ ಇಡೀ ರೈಡ್‌ಗೆ ಬಡಿದಾಗ ನೀವೊಬ್ಬರೇ ಬೀಳುತ್ತಿದ್ದರೆ ಮಾತ್ರ ಸ್ಟ್ಯಾಮಿನಾ. ಒಂದಕ್ಕೆ 10 ಆರೋಗ್ಯ. 20 ಸ್ಟ್ಯಾಮಿನಾ ಇದ್ದರೆ 200. ಆ ಪೆಟ್ಟು ತಾಳುವಷ್ಟು ಆದ ಮೇಲೆ ಇನ್ನೊಂದು ಸ್ಟ್ಯಾಮಿನಾವೂ ಬೇಡ. ಆಟಗಾರರ ಮೇಲೇ ಆಡುವ ಬ್ಯಾಟಲ್‌ಗ್ರೌಂಡ್ ಬೇರೆ ಮಾತು. ಅಲ್ಲಿ ಎಲ್ಲರೂ ಮೊದಲು ಮುಗಿಬೀಳುವುದು ಹೀಲರ್ ಮೇಲೇ. ಅಲ್ಲಿ ಸ್ಟ್ಯಾಮಿನಾ ಎಷ್ಟಿದ್ದರೂ ಸಾಲದು, ಪಲಾಡಿನ್ ಪ್ಲೇಟನ್ನೂ ಗುರಾಣಿಯನ್ನೂ ಹಾಕಿಕೊಳ್ಳಲಿ.

ನಮ್ಮ ಕಡೆಯವರು ಪಿಂಗ್ ಅನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸರ್ವರ್ ದೂರದಲ್ಲಿ, ಪಿಜಿಯ ವೈಫೈಯಲ್ಲಿ ಎಂಟು ಜನ, ಇಲ್ಲದಿದ್ದರೆ ಮೊಬೈಲ್ ಹಾಟ್‌ಸ್ಪಾಟ್. ಹೀಲ್ ಒತ್ತಿದ್ದು ಒಂದು ಹೊತ್ತು, ತಲುಪುವುದು ಇನ್ನೊಂದು ಹೊತ್ತು. ಹೀಗಿರುವವರು ಸ್ವಲ್ಪ ಹೆಚ್ಚು ಸ್ಟ್ಯಾಮಿನಾ ಇಟ್ಟುಕೊಂಡರೆ ತಪ್ಪಿಲ್ಲ. ತಡವಾಗಿ ಬರುವ ಹೀಲ್‌ಗೆ ಕಾಯುವಷ್ಟು ಉಸಿರು ಬೇಕಲ್ಲ. ಬೇಸಿಗೆಯಲ್ಲಿ ಕರೆಂಟು ಕೈಕೊಟ್ಟರೆ ಮಾತ್ರ ಸ್ಟ್ಯಾಮಿನಾ ಏನೂ ಮಾಡಲಾರದು. ರೌಟರ್‌ಗೆ ಒಂದು ಸಣ್ಣ ಯುಪಿಎಸ್ ಹಾಕಿಸಿ.

ಗಿಲ್ಡ್ ವಾರ್ಸ್ 2 ಆಡುವವರಿಗೆ ಇಲ್ಲೊಂದು ಬಲೆ ಇದೆ. ಅಲ್ಲಿ ಮಿನ್‌ಸ್ಟ್ರೆಲ್ ಅನ್ನುವ ಸ್ಟ್ಯಾಟ್ ಜೋಡಣೆಯಲ್ಲಿ ಟಫ್‌ನೆಸ್, ಹೀಲಿಂಗ್ ಪವರ್, ವೈಟಾಲಿಟಿ, ಕಾನ್ಸಂಟ್ರೇಶನ್ ನಾಲ್ಕೂ ಬರುತ್ತವೆ. ಹೀಲರ್‌ಗೆ ಹೇಳಿ ಮಾಡಿಸಿದ ಹಾಗೆ ಕಾಣುತ್ತದೆ. ಆದರೆ ರೈಡ್‌ನ ಹಲವು ಬಾಸ್‌ಗಳು ಯಾರ ಟಫ್‌ನೆಸ್ ಹೆಚ್ಚೋ ಅವರ ಹಿಂದೆ ಬೀಳುತ್ತವೆ. ಟ್ಯಾಂಕ್‌ಗಿಂತ ನಿಮ್ಮದು ಹೆಚ್ಚಾದರೆ ಬಾಸ್ ನಿಮ್ಮ ಹಿಂದೆಯೇ ಇಡೀ ಗುಂಪಿನ ನಡುವೆ ಓಡಾಡುತ್ತದೆ. ಪವರ್, ಹೀಲಿಂಗ್ ಪವರ್, ಕಾನ್ಸಂಟ್ರೇಶನ್ ಇರುವ ಹ್ಯಾರಿಯರ್ ತಗೊಳ್ಳಿ. ಕಾನ್ಸಂಟ್ರೇಶನ್ ನೀವು ಜೊತೆಗಾರರಿಗೆ ಕೊಡುವ ಬೂನ್‌ಗಳನ್ನು (ಬಲ ಹೆಚ್ಚಿಸುವ ವರಗಳು) ಹೆಚ್ಚು ಹೊತ್ತು ಉಳಿಸುತ್ತದೆ; ಆ ಆಟದಲ್ಲಿ ಹೀಲರ್‌ನ ಅರ್ಧ ಕೆಲಸವೇ ಬೂನ್ ಹಂಚುವುದು.

ಹೆಜ್ಜೆ 6: ಸೆಟ್ ಮತ್ತು ಚೀಲದಲ್ಲಿರಬೇಕಾದ ಬದಲಿ

ಒಂದೊಂದು ತುಂಡನ್ನೂ ಬೇರೆ ಬೇರೆ ತೂಗಿದರೆ ಸೆಟ್ ಬೋನಸ್, ಅಂದರೆ ಒಂದೇ ಸೆಟ್‌ನ ಹಲವು ತುಂಡು ಒಟ್ಟಿಗೆ ಹಾಕಿದಾಗ ಸಿಗುವ ಲಾಭ, ಕೈತಪ್ಪುತ್ತದೆ. ಪ್ರೀಸ್ಟ್‌ನ ಟ್ರಾನ್ಸೆಂಡೆನ್ಸ್ ಸೆಟ್‌ನಲ್ಲಿ ಮೂರು ತುಂಡು ಹಾಕಿದರೆ ಕಾಸ್ಟ್ ಮಾಡುತ್ತಿರುವಾಗಲೂ 15% ಮಾನಾ ಮರುಭರ್ತಿ ನಡೆಯುತ್ತದೆ. ಮೆಡಿಟೇಶನ್ ಜೊತೆ ಸೇರಿ 30%. ಈಗ ಹೆಜ್ಜೆ 3ರ ಲೆಕ್ಕಕ್ಕೆ ಹಿಂತಿರುಗಿ: ಅದೇ 20 ಸ್ಪಿರಿಟ್ ಬಿಡದೆ ಕಾಸ್ಟ್ ಮಾಡುವಾಗ 1.9ರ ಬದಲು 3.75 ಕೊಡುತ್ತದೆ. ಸ್ಪಿರಿಟ್ ನಿಲುವಂಗಿ ಮತ್ತೆ ಸ್ಪರ್ಧೆಗೆ ಬಂತು. ಎಂಟೂ ತುಂಡು ಹಾಕಿದರೆ ಗ್ರೇಟರ್ ಹೀಲ್ ಹಿಂದೆ ನಿಧಾನವಾಗಿ ಆರೋಗ್ಯ ತುಂಬುವ ಒಂದು ರಿನ್ಯೂ ಕೂಡ ಸೇರಿಕೊಳ್ಳುತ್ತದೆ.

ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್‌ನಲ್ಲಿ ಸೆಟ್ಟೇ ಆಟ. ವೈಟ್ ಗೋಲ್ಡ್ ಟವರ್ ಡಂಜನ್‌ನಲ್ಲಿ ಸಿಗುವ ಸ್ಪೆಲ್ ಪವರ್ ಕ್ಯೂರ್ ಐದು ತುಂಡು ಹಾಕಿದ ಹೀಲರ್, ಆರೋಗ್ಯ ತುಂಬಿರುವವರ ಮೇಲೆ ಹೀಲ್ ಹರಿಸಿದರೂ ಅವರ ಹೊಡೆತ ಜೋರಾಗುತ್ತದೆ. ಬೇರೆ ಕಡೆ ವ್ಯರ್ಥ ಅನ್ನಿಸುವ ಹೀಲ್ ಅಲ್ಲಿ ವರ. ಅಲ್ಲಿನ ಲೈಟ್ ಆರ್ಮರ್ ಮ್ಯಾಜಿಕಾ (ಅಲ್ಲಿನ ಮಾನಾ) ಖರ್ಚು ಇಳಿಸಿ ಮರುಭರ್ತಿ ಹೆಚ್ಚಿಸುತ್ತದೆ. ಆದರೂ ಏಳಕ್ಕೆ ಏಳೂ ಲೈಟ್ ಹಾಕದೆ ಐದು ಲೈಟ್, ಒಂದು ಮೀಡಿಯಂ, ಒಂದು ಹೆವಿ ಹಾಕುವವರು ಬಹಳ. ಅನ್‌ಡಾಂಟೆಡ್ ಮೆಟಲ್ ಎಂಬ, ತಾನಾಗಿ ಕೆಲಸ ಮಾಡುವ ಪ್ಯಾಸಿವ್ ಆರ್ಮರ್ ಬಗೆ ಹೆಚ್ಚಿದಂತೆ ಆರೋಗ್ಯ, ಸ್ಟ್ಯಾಮಿನಾ, ಮ್ಯಾಜಿಕಾ ಮೂರನ್ನೂ ಏರಿಸುತ್ತದೆ.

ಇನ್ನು ಚೀಲದ ವಿಷಯ. ವಾರ್‌ಕ್ರಾಫ್ಟ್‌ನ ಬ್ಲ್ಯಾಕ್‌ವಿಂಗ್ ಲೇರ್ ರೈಡ್‌ನಲ್ಲಿ ನೆಫೇರಿಯನ್ ಎಂಬ ಡ್ರ್ಯಾಗನ್ ಉಗುಳುವ ಶ್ಯಾಡೊ ಫ್ಲೇಮ್ ತಾಳಲು ಒನಿಕ್ಸಿಯಾ ಸ್ಕೇಲ್ ಕ್ಲೋಕ್ ಎಂಬ ಹೊದಿಕೆ ಎಲ್ಲರ ಹೆಗಲ ಮೇಲೂ ಇರಲೇಬೇಕು. ನಿಮ್ಮ ಹೀಲಿಂಗ್ ಕ್ಲೋಕ್ ಎಷ್ಟೇ ದುಬಾರಿಯಾಗಿರಲಿ, ಅಲ್ಲಿ ಅದು ಚೀಲಕ್ಕೆ. ಕಾಳಗದ ನಡುವೆ ಆಯುಧ ಬದಲಿಸಬಹುದು, ಆರ್ಮರ್ ಬದಲಿಸಲಾಗದು. ಹಾಗಾಗಿ ಬಾಗಿಲಲ್ಲೇ ನೋಡಿಕೊಳ್ಳಿ. ನಮ್ಮ ರೈಡ್ ಲೀಡರ್ ಪ್ರತಿ ಸಲ ಮೈಕ್‌ನಲ್ಲಿ ಕೂಗುತ್ತಾನೆ: "ಕ್ಲೋಕ್ ಹಾಕ್ಯಾರೇನ್ರಲೇ ಎಲ್ಲಾರೂ? ಆಮ್ಯಾಲೆ ಅಯ್ಯೋ ಅನ್ಬ್ಯಾಡ್ರಿ!"

ಫೈನಲ್ ಫ್ಯಾಂಟಸಿ 14 ಆಡುವವರಿಗೆ, ಚಿಕ್ಕದಾಗಿ

ಇಲ್ಲಿ ತಲೆಬಿಸಿ ಕಡಿಮೆ. ವೈಟ್ ಮೇಜ್, ಸ್ಕಾಲರ್, ಆಸ್ಟ್ರೊಲೊಜಿಯನ್, ಸೇಜ್ ನಾಲ್ವರಿಗೂ ಒಂದೇ ಆರ್ಮರ್. ಹೆಸರಿನ ಕೊನೆಯಲ್ಲಿ ಹೀಲಿಂಗ್ ಅಂತ ಇರುವುದನ್ನು ಹಾಕಿದರಾಯಿತು. ಕಾಸ್ಟಿಂಗ್ ಅಂತ ಇರುವುದು ಬ್ಲ್ಯಾಕ್ ಮೇಜ್ ಮುಂತಾದವರದು, ಅದರ ಮೇಲೆ ಕಣ್ಣು ಹಾಕಬೇಡಿ. ಐಟಂ ಲೆವೆಲ್ ಹೆಚ್ಚಾದರೆ ಮೈಂಡ್ (ಹೀಲ್ ದೊಡ್ಡದು ಮಾಡುವ ಸ್ಟ್ಯಾಟ್) ಹೆಚ್ಚು, ಬಹುತೇಕ ಸಲ ಅಷ್ಟೇ ನೋಡಿದರೆ ಸಾಕು. ವಿಚಾರ ಬೇಕಾಗುವುದು ಆರ್ಮರ್‌ಗೆ ಮೆಟೀರಿಯಾ (ಸ್ಟ್ಯಾಟ್ ಹೆಚ್ಚಿಸುವ ಹರಳು) ಕೂರಿಸುವಾಗ. ಗರಿಷ್ಠ ಎಂಪಿ (ಅಲ್ಲಿನ ಮಾನಾ) ಎಲ್ಲರಿಗೂ 10,000 ಅಂತ ನಿಗದಿಯಾಗಿರುವುದರಿಂದ ಪಾತ್ರೆ ದೊಡ್ಡದು ಮಾಡುವ ದಾರಿ ಇಲ್ಲ. ಆರ್ಮರ್‌ನಿಂದ ಮರುಭರ್ತಿ ಹೆಚ್ಚಿಸುವುದು ಪಾಯಟಿ ಒಂದೇ. ಕಾಳಗ ಮುಗಿಯುವವರೆಗೆ ಎಂಪಿ ಸಾಲುವಷ್ಟು ಪಾಯಟಿ ಇಟ್ಟು ಉಳಿದ ಜಾಗಕ್ಕೆ ಕ್ರಿಟಿಕಲ್ ಹಾಕಿ. ಡೈರೆಕ್ಟ್ ಹಿಟ್ ಹೀಲ್‌ಗೆ ಬರುವುದೇ ಇಲ್ಲ, ಹೊಡೆತಕ್ಕೆ ಮಾತ್ರ.

ಬಟ್ಟೆ ಚೆಂದ ಕಾಣಲಿಲ್ಲ ಅಂತ ಕಡಿಮೆ ಐಟಂ ಲೆವೆಲ್‌ನದನ್ನು ಹಾಕಿಕೊಂಡು ಬರುವವರಿದ್ದಾರೆ. ತೊಟ್ಟ ಬಟ್ಟೆಗೆ ಬೇರೆ ಬಟ್ಟೆಯ ರೂಪ ಕೊಡಲು ಗ್ಲಾಮರ್ ಇದೆ, ವಾರ್‌ಕ್ರಾಫ್ಟ್‌ನ ಹೊಸ ಆವೃತ್ತಿಗಳಲ್ಲಿ ಟ್ರಾನ್ಸ್‌ಮಾಗ್ ಇದೆ. ಒಳಗೆ ಒಳ್ಳೆಯದು, ಹೊರಗೆ ಚೆಂದದ್ದು.

ಹೆಜ್ಜೆ 7: ನೀಡ್ ಒತ್ತುವ ಮೊದಲು ಬಾಯಿ ಬಿಟ್ಟು ಕೇಳಿ

ಶತ್ರು ಸತ್ತಾಗ ಬಿದ್ದ ಆರ್ಮರ್ ನನಗೆ ಬೇಕು ಅನ್ನಲು ಒತ್ತುವ ಗುಂಡಿಯೇ ನೀಡ್. ಪಲಾಡಿನ್ ಬಟ್ಟೆ ಹಾಕಬಹುದು ಅಂತ ಮೇಲೆ ಹೇಳಿದೆನಲ್ಲ, ಜಗಳ ಹುಟ್ಟುವುದು ಅಲ್ಲಿಂದಲೇ. ಪ್ರೀಸ್ಟ್‌ಗೆ ಬಟ್ಟೆ ಬಿಟ್ಟರೆ ಗತಿಯಿಲ್ಲ; ಪಲಾಡಿನ್‌ಗೆ ನಾಲ್ಕು ಬಗೆಯೂ ಆದೀತು. ಹಾಗಾಗಿ ಬಟ್ಟೆ ಬಿದ್ದಾಗ ಮೊದಲ ಮಾತು ಪ್ರೀಸ್ಟ್‌ದು. ಕೇಳಿದರೆ ಕೆಲಸ ಸಲೀಸು. ನಮ್ಮಲ್ಲಿ ಪಲಾಡಿನ್ ಆಡುವ ಪಿಜಿ ಹುಡುಗ ಮೈಕ್ ಆನ್ ಮಾಡಿ ಕೇಳಿದ್ದು ಹೀಗೆ: "ಅಕ್ಕಾ, ಈ ರೋಬ್ ನಿಮಗ್ ಬೇಕೇನ್ರಿ?" ಮೆಡಿಕಲ್ ಶಾಪ್ ಅಕ್ಕ ಹಿಂದೆ ಗಿರಾಕಿಗೆ ಚಿಲ್ಲರೆ ಎಣಿಸುವ ಸದ್ದಿನ ನಡುವೆಯೇ ಉತ್ತರ ಕೊಟ್ಟರು: "ಬ್ಯಾಡಪ್ಪ, ನಂದು ಟ್ರಾನ್ಸೆಂಡೆನ್ಸ್ ಐತಿ, ಸೆಟ್ ಮುರೀತೈತಿ. ನೀ ತಗ." ಮುಗಿಯಿತು. ಇದನ್ನೇ ಕೇಳದೆ ಒತ್ತಿದ್ದರೆ ವಾಟ್ಸಾಪ್ ಗುಂಪಿನಲ್ಲಿ ವಾರಗಟ್ಟಲೆ ಮಾತು.

ಇಬ್ಬರಿಗೂ ಬೇಕಿದ್ದರೆ ಯಾರ ಮೈಮೇಲಿನ ಹಳೆಯ ತುಂಡು ಹೆಚ್ಚು ಕಳಪೆಯೋ ಅವರಿಗೆ ಕೊಡಿ. ಹೀಲರ್‌ಗಳಲ್ಲಿ ಒಬ್ಬನೇ ಮಿನುಗಿ ಉಳಿದವರು ಹರುಕಲಲ್ಲಿದ್ದರೆ ರೈಡ್ ಮುಂದೆ ಹೋಗುವುದಿಲ್ಲ.

ಹೆಜ್ಜೆ 8: ಕಳೆದುಕೊಂಡರೆ ಮತ್ತೆ ಕೊಳ್ಳುವ ಶಕ್ತಿ ಇದೆಯೇ?

ವಾರ್‌ಕ್ರಾಫ್ಟ್‌ನಲ್ಲಿ ಸತ್ತರೆ ಹೋಗುವುದು ರಿಪೇರಿ ಖರ್ಚು. ಒಂದು ಸಾವಿಗೆ ಮೈಮೇಲಿನ ಆರ್ಮರ್‌ನ ಬಾಳಿಕೆ 10% ಇಳಿಯುತ್ತದೆ. ಹೆಣದವರೆಗೆ ನಡೆಯಲು ಸೋಮಾರಿತನ ಅಂತ ಸ್ಮಶಾನದಲ್ಲಿ ನಿಂತಿರುವ ಸ್ಪಿರಿಟ್ ಹೀಲರ್ ಕೈಯಲ್ಲಿ ಎದ್ದರೆ 25%. ಬಟ್ಟೆಗಿಂತ ಪ್ಲೇಟ್ ರಿಪೇರಿ ದುಬಾರಿ. ಇಷ್ಟೇ ನಷ್ಟ.

ಫೋನಿನಲ್ಲಿ ಆಡುವವರು ನಮ್ಮ ಊರಲ್ಲಿ ಹೆಚ್ಚು, ಅವರಲ್ಲಿ ಅಲ್ಬಿಯಾನ್ ಆನ್‌ಲೈನ್ ಹಿಡಿದವರಿಗೆ ಕಥೆಯೇ ಬೇರೆ. ಅದು ಮೊಬೈಲ್‌ಗೆ ಬಂದದ್ದು 2021ರಲ್ಲಿ. ಅಲ್ಲಿ ಕ್ಲಾಸ್ ಇಲ್ಲ; ಕೈಯಲ್ಲಿ ಹೋಲಿ ಸ್ಟಾಫ್ ಅಥವಾ ನೇಚರ್ ಸ್ಟಾಫ್ ಹಿಡಿದರೆ ನೀವು ಹೀಲರ್. ತಲೆ, ಮೈ, ಕಾಲು ಮೂರರ ಆರ್ಮರ್‌ಗೂ ಒಂದೊಂದು ಸಾಮರ್ಥ್ಯ ಅಂಟಿಕೊಂಡಿರುತ್ತದೆ. ಹಾಗಾಗಿ ಬಟ್ಟೆ, ಚರ್ಮ, ಪ್ಲೇಟ್ ಅನ್ನುವುದಕ್ಕಿಂತ ಅದರ ಗುಂಡಿ ಒತ್ತಿದಾಗ ಏನಾಗುತ್ತದೆ ಅಂತ ಓದಿ ಆರಿಸಬೇಕು. ಮೇಲೆ ಮಾಡಿದ ಪಂಚನಾಮೆ ಇಲ್ಲೂ ನಡೆಯುತ್ತದೆ: ಓಡಿ ತಪ್ಪಿಸಿಕೊಳ್ಳಲಾಗದೆ ಸಾಯುತ್ತಿದ್ದರೆ ಕಾಲಿನದನ್ನು ಬದಲಿಸಿ, ಎನರ್ಜಿ (ಅಲ್ಲಿನ ಮಾನಾ) ಮುಗಿಯುತ್ತಿದ್ದರೆ ಎನರ್ಜಿ ಕೊಡುವ ಸಾಮರ್ಥ್ಯದ್ದನ್ನು ಹುಡುಕಿ.

ಕೆಂಪು ಮತ್ತು ಕಪ್ಪು ವಲಯದಲ್ಲಿ ಸತ್ತರೆ ಮೈಮೇಲಿನದೂ ಚೀಲದಲ್ಲಿದ್ದದ್ದೂ ಎಲ್ಲ ಹೋಯಿತು. ಕೊಂದವನು ಬಾಚಿಕೊಂಡು ಹೋಗುತ್ತಾನೆ. ಹಾಗಾಗಿ ಅಲ್ಲಿ ಪ್ರಶ್ನೆ ಯಾವುದು ಉತ್ತಮ ಅನ್ನುವುದಲ್ಲ, ಯಾವುದು ಅಗ್ಗ ಅನ್ನುವುದು. ಮಾರ್ಕೆಟ್‌ನಲ್ಲಿ ಒಂದು ಜಾಣತನ ಮಾಡಿ. ಟಿಯರ್ (ವಸ್ತುವಿನ ದರ್ಜೆ) ಒಂದು ಏರಿದರೂ 100 ಐಟಂ ಪವರ್, ಎನ್‌ಚಾಂಟ್ ಒಂದು ಏರಿದರೂ 100. ಅಂದರೆ 4.2 (ಟಿಯರ್ 4, ಎನ್‌ಚಾಂಟ್ 2), 5.1, 6.0 ಮೂರೂ ಶಕ್ತಿಯಲ್ಲಿ ಒಂದೇ. ಬೆಲೆ ಮಾತ್ರ ಒಂದೇ ಇರುವುದಿಲ್ಲ. ಮೂರನ್ನೂ ಹುಡುಕಿ ಅಂದು ಯಾವುದು ಕಡಿಮೆಯೋ ಅದನ್ನು ತಗೊಳ್ಳಿ. ಕ್ವಾಲಿಟಿ ಸಾಧಾರಣದ್ದೇ ಇರಲಿ, ಮಾಸ್ಟರ್‌ಪೀಸ್ ಕೊಂಡು ಕಪ್ಪು ವಲಯಕ್ಕೆ ಹೊತ್ತೊಯ್ಯುವುದು ಶ್ರೀಮಂತರ ಶೋಕಿ.

ತಗೊಳ್ಳುವಾಗ ಒಂದೇ ಸೆಟ್ ಬೇಡ, ಅದೇ ತರದ್ದು ಎರಡು ಮೂರು ತಗೊಂಡು ಬ್ಯಾಂಕಿನಲ್ಲಿಡಿ. ಹೊರಡುವ ಮೊದಲು ಬ್ಯಾಂಕ್ ತೆರೆದು ನೋಡಿ. ಇನ್ನೊಂದು ಸೆಟ್ ಉಳಿದಿಲ್ಲ ಅಂದರೆ ಅವತ್ತು ಹಳದಿ ವಲಯದಲ್ಲೇ ಆಡಿ, ಅಲ್ಲಿ ಬಿದ್ದರೂ ಆರ್ಮರ್ ನಿಮ್ಮ ಹತ್ತಿರವೇ ಇರುತ್ತದೆ.